ಯುವಕರಿಗಾಗಿ ಅಂತಲೇ ಹುಟ್ಟಿದ ಕಾರು 13 ವರ್ಷಕ್ಕೇ ಮುಗಿದದ್ದು ಯಾಕೆ?

ಟೊಯೋಟಾ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಇನ್ನೋವಾ. ಬಿಳಿ ಬಣ್ಣ, ಮುಂದೆ ಪಕ್ಷದ ಬಾವುಟ, ಒಳಗೆ ಶಾಸಕರು. ಇಲ್ಲವಾದರೆ ಧರ್ಮಸ್ಥಳಕ್ಕೆ ಹೊರಟ ಎರಡು ಸಂಸಾರ. ಬಿಡದಿಯಲ್ಲಿ ತಯಾರಾಗುವ ಈ ಗಾಡಿಯ ಬಗ್ಗೆ ಯಾರೂ ಕೆಟ್ಟದ್ದು ಹೇಳಲ್ಲ. ದಾರಿಯಲ್ಲಿ ಕೈಕೊಡಲ್ಲ, ಮಾರುವಾಗ ಒಳ್ಳೆಯ ಬೆಲೆ ಬರುತ್ತೆ. ಆದರೆ ಇಪ್ಪತ್ತೆರಡು ವರ್ಷದ ಯಾರಾದರೂ ಹಾಸ್ಟೆಲ್ ರೂಮಿನ ಗೋಡೆಗೆ ಇನ್ನೋವಾ ಫೋಟೋ ಅಂಟಿಸಿಕೊಂಡದ್ದನ್ನು ನಾನಂತೂ ನೋಡಿಲ್ಲ. ಅದು ಅಪ್ಪಂದಿರ ಕಾರು.

1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲೂ ಟೊಯೋಟಾಗೆ ಇದೇ ತಲೆನೋವು ಶುರುವಾಗಿತ್ತು. ಕ್ಯಾಮ್ರಿ, ಕೊರೊಲಾ ಚೆನ್ನಾಗಿಯೇ ಮಾರಾಟವಾಗ್ತಿದ್ದವು. ಆದರೆ ಕೊಳ್ಳುವವರ ತಲೆಗೂದಲು ವರ್ಷದಿಂದ ವರ್ಷಕ್ಕೆ ನರೆಯುತ್ತಿತ್ತು. ಇವತ್ತು ಮೊದಲ ಕಾರು ಕೊಳ್ಳುವ ಹುಡುಗ ಹುಡುಗಿಯರನ್ನು ಹಿಡಿಯದಿದ್ದರೆ ಇಪ್ಪತ್ತು ವರ್ಷದ ನಂತರ ನಮ್ಮ ಶೋರೂಮಿಗೆ ಬರೋರು ಯಾರು ಅನ್ನೋ ಭಯ ಕಂಪನಿಗೆ ಹುಟ್ಟಿತು. ಆ ಭಯಕ್ಕೆ ಹುಟ್ಟಿದ ಕೂಸೇ ‘ಸಯಾನ್’.

ಈ ಬ್ರ್ಯಾಂಡು ಭಾರತಕ್ಕೆ ಬರಲೇ ಇಲ್ಲ. 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ, 2006ರಲ್ಲಿ ಮೆರೆದು, 2016ರಲ್ಲಿ ಮುಚ್ಚಿಹೋಯಿತು. ಮತ್ತೆ ಈಗ್ಯಾಕೆ ಇದರ ಮಾತು? ‘ಯುವಜನ’ ಎಂಬ ಪದವನ್ನು ಹಿಡಿದು ನಮ್ಮ ಹತ್ತಿರ ಬರುವವರು ಕಾರು ಮಾರುವವರು ಮಾತ್ರ ಅಲ್ಲವಲ್ಲ. ಆ ಪದ ಹೇಗೆ ಕೆಲಸ ಮಾಡುತ್ತೆ, ಎಲ್ಲಿ ಕೈಕೊಡುತ್ತೆ ಅನ್ನೋದು ಸಯಾನ್ ಕತೆಯಲ್ಲಿ ಇರುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಮೊದಲು ಹೆಸರು ನೋಡಿ. ಇಂಗ್ಲಿಷಿನಲ್ಲಿ ‘ಸಯಾನ್’ ಅಂದರೆ ಕುಡಿ, ಮನೆತನದ ವಾರಸುದಾರ. ನಮ್ಮ ಇಂಗ್ಲಿಷ್ ಪತ್ರಿಕೆಗಳು ಮಾಜಿ ಮುಖ್ಯಮಂತ್ರಿಗಳ ಮಗನಿಗೆ ಟಿಕೆಟ್ ಸಿಕ್ಕಾಗ ಬಳಸುವ ಪದವೂ ಇದೇ. ಹೊಸತನ ತರ್ತೀನಿ ಅಂತ ಹೊರಟ ಬ್ರ್ಯಾಂಡು ತನ್ನ ಹೆಸರಲ್ಲೇ ‘ನಾನು ದೊಡ್ಡಮನೆಯ ಮಗ’ ಅಂತ ಹೇಳಿಕೊಂಡಿತ್ತು!

ಕ್ಯಾಲಿಫೋರ್ನಿಯಾವೇ ಯಾಕೆ?

ಸಯಾನ್‌ಗೂ ಮುಂಚೆ ಟೊಯೋಟಾ ಒಂದು ಸಲ ಕೈ ಸುಟ್ಟುಕೊಂಡಿತ್ತು. 1999ರಲ್ಲಿ ‘ಪ್ರಾಜೆಕ್ಟ್ ಜೆನೆಸಿಸ್’ ಅನ್ನೋ ಹೆಸರಿನಲ್ಲಿ ಎಕೋ, ಸೆಲಿಕಾ, ಎಂಆರ್2 ಸ್ಪೈಡರ್ ಎಂಬ ಮೂರು ಕಾರುಗಳನ್ನು ಯುವಕರಿಗೆ ಅಂತ ಬೇರೆಯಾಗಿ ಪ್ರಚಾರ ಮಾಡಿತು. ಶೋರೂಮು ಅದೇ, ಬೋರ್ಡು ಅದೇ, ಜಾಹೀರಾತು ಮಾತ್ರ ಬೇರೆ. ಕೆಲಸ ಆಗಲಿಲ್ಲ. 2001ಕ್ಕೆ ಅದನ್ನು ಕೈಬಿಟ್ಟರು. ಅದರಿಂದ ಕಂಪನಿ ಕಲಿತ ಪಾಠ: ಜಾಹೀರಾತು ಸಾಲದು, ಹೆಸರನ್ನೇ ಬದಲಿಸಬೇಕು.

2003ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ 105 ಟೊಯೋಟಾ ಡೀಲರ್‌ಗಳ ಬಳಿ ಮಾತ್ರ ಸಯಾನ್ ಮಾರಾಟ ಶುರುವಾಯಿತು. ಎರಡೇ ಮಾಡೆಲ್. ಒಂದು ಎಕ್ಸ್‌ಎ, ಪುಟ್ಟ ಹ್ಯಾಚ್‌ಬ್ಯಾಕ್. ಇನ್ನೊಂದು ಎಕ್ಸ್‌ಬಿ, ನಾಲ್ಕು ಚಕ್ರದ ಮೇಲೆ ಕೂರಿಸಿದ ಚೌಕದ ಡಬ್ಬಿ. ಅಮೆರಿಕನ್ನರು ಅದನ್ನು ‘ಟೋಸ್ಟರ್’ ಅಂತ ಕರೆದರು. ಎರಡೂ ಹೊಸ ಕಾರುಗಳೇನಲ್ಲ. ಜಪಾನಿನಲ್ಲಿ ಟೊಯೋಟಾ ‘ಇಸ್ಟ್’ ಮತ್ತು ‘ಬಿಬಿ’ ಎಂಬ ಹೆಸರಲ್ಲಿ ಆಗಲೇ ಓಡಾಡುತ್ತಿದ್ದವು.

ಕ್ಯಾಲಿಫೋರ್ನಿಯಾವನ್ನು ಆರಿಸಿದ್ದಕ್ಕೆ ಲೆಕ್ಕಾಚಾರ ಇತ್ತು. ಅಮೆರಿಕದ ಅತಿ ದೊಡ್ಡ ಕಾರು ಮಾರುಕಟ್ಟೆ ಅದು. ಟೊಯೋಟಾದ ಅಮೆರಿಕ ಕೇಂದ್ರ ಕಚೇರಿಯೂ ಆಗ ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸ್‌ನಲ್ಲೇ ಇತ್ತು. ಇದಕ್ಕಿಂತ ಮುಖ್ಯವಾದ ಕಾರಣ ಬೀದಿಯಲ್ಲಿತ್ತು. 90ರ ದಶಕದಿಂದಲೇ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಏಷ್ಯನ್ ಮತ್ತು ಲ್ಯಾಟಿನೋ ಮೂಲದ ಹುಡುಗರು ಹಳೆಯ ಹೋಂಡಾ ಸಿವಿಕ್‌ಗಳನ್ನು ಕೊಂಡು ತಗ್ಗಿಸಿ, ಸೈಲೆನ್ಸರ್ ಬದಲಿಸಿ, ಬಣ್ಣ ಬಳಿದು, ತಮ್ಮದೇ ಒಂದು ಲೋಕ ಕಟ್ಟಿಕೊಂಡಿದ್ದರು. 2001ರಲ್ಲಿ ಬಂದ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಸಿನಿಮಾ ಜಗತ್ತಿಗೆ ತೋರಿಸಿದ್ದು ಅದೇ ಲೋಕದ ಒಂದು ತುಣುಕು. ಡೆಟ್ರಾಯಿಟ್ ಸುತ್ತಲಿನ ಮಿಡ್‌ವೆಸ್ಟ್‌ನಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಎಷ್ಟೋ ಮನೆಗಳ ಅನ್ನ ಫೋರ್ಡ್, ಜಿಎಂ ಕಾರ್ಖಾನೆಗಳಿಂದ ಬರುತ್ತಿತ್ತು. ಜಪಾನಿ ಕಾರಿನ ಹಿಡಿತ ಮೊದಲಿಂದಲೂ ಕಡಿಮೆ. ಹಾಗಾಗಿ ಒಲಿದ ಊರಿನಿಂದ ಶುರು ಮಾಡಿ, 2004ರ ಫೆಬ್ರವರಿಯಲ್ಲಿ ದಕ್ಷಿಣಕ್ಕೂ ಪೂರ್ವ ಕರಾವಳಿಗೂ ಹೋಗಿ, ಆ ವರ್ಷದ ಜೂನ್ ಹೊತ್ತಿಗೆ ದೇಶದ ತುಂಬ ಹರಡಿದರು.

ಟಿವಿ ಜಾಹೀರಾತಿಗೆ ಹೆಚ್ಚು ದುಡ್ಡು ಸುರಿಯಲಿಲ್ಲ. ಹಿಪ್‌ಹಾಪ್ ಕಾರ್ಯಕ್ರಮ, ಗೋಡೆ ಚಿತ್ರ ಬಿಡಿಸುವ ಕಲಾವಿದರು, ಹೆಸರಿಲ್ಲದ ಬ್ಯಾಂಡುಗಳ ಸಿಡಿಗಳು, ಇಂಥದ್ದಕ್ಕೆ ಹಣ ಹಾಕಿದರು. ಹುಡುಗರು ತಾವೇ ಕಂಡುಹಿಡಿದೆವು ಅಂದುಕೊಳ್ಳಬೇಕು, ಅದು ಉಪಾಯ.

ಗೆದ್ದದ್ದು ಸ್ಟಿಕ್ಕರ್‌ನಿಂದಲ್ಲ

ಸಯಾನ್ ಬಗ್ಗೆ ಬರೆಯುವವರು ಹೆಚ್ಚಾಗಿ ಈ ಹಿಪ್‌ಹಾಪ್ ಪ್ರಚಾರದಲ್ಲೇ ನಿಂತುಬಿಡ್ತಾರೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಬೆಲೆ.

ಅಮೆರಿಕದಲ್ಲಿ ಹೊಸ ಕಾರು ಕೊಳ್ಳೋದು ಅಂದರೆ ಚೌಕಾಸಿ. ಗಾಜಿನ ಮೇಲೆ ಅಂಟಿಸಿದ ಬೆಲೆಗೂ ಕೊನೆಗೆ ಕೊಡುವ ಬೆಲೆಗೂ ಸಂಬಂಧ ಇರಬೇಕೆಂದೇನಿಲ್ಲ. ಯಾರಿಗೆ ಬಾಯಿ ಜೋರು, ಯಾರಿಗೆ ವ್ಯವಹಾರ ಗೊತ್ತು, ಯಾರ ಮುಖ ನೋಡಿದರೆ ಡೀಲರ್‌ಗೆ ‘ಇವನು ತಿಳಿದವನು’ ಅನ್ನಿಸುತ್ತೆ, ಅವರಿಗೆ ಕಡಿಮೆ ಬೆಲೆ. ಅರ್ಥಶಾಸ್ತ್ರಜ್ಞರಾದ ಇಯಾನ್ ಏಯರ್ಸ್ ಮತ್ತು ಪೀಟರ್ ಸೀಗಲ್‌ಮನ್ ಶಿಕಾಗೋದ ಕಾರು ಶೋರೂಮುಗಳಿಗೆ ಕರಿಯರು, ಬಿಳಿಯರು, ಹೆಂಗಸರು, ಗಂಡಸರನ್ನು ಒಂದೇ ಮಾತು ಕಲಿಸಿ ಕಳಿಸಿದ್ದರು. 1995ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಬಿಳಿಯ ಗಂಡಸರಿಗೆ ಹೇಳಿದ ಬೆಲೆಯೇ ಎಲ್ಲರಿಗಿಂತ ಕಡಿಮೆ. ಅದೇ ಕಾರು, ಅದೇ ಮಾತು, ಬೇರೆ ಮುಖ, ಬೇರೆ ಬೆಲೆ.

ಸಯಾನ್ ಇದನ್ನು ತೆಗೆದುಹಾಕಿತು. ‘ಪ್ಯೂರ್ ಪ್ರೈಸ್’ ಅಂತ ಹೆಸರು. ಶೋರೂಮು ಹಾಕಿದ ಬೆಲೆಯೇ ಕೊನೆಯ ಬೆಲೆ, ಯಾರು ಬಂದರೂ ಅಷ್ಟೇ. ಎಕ್ಸ್‌ಬಿ ಬೆಲೆ ಸುಮಾರು 14,000 ಡಾಲರ್. 2004ರಲ್ಲಿ ಬಂದ ಟಿಸಿ ಎಂಬ ಎರಡು ಬಾಗಿಲಿನ ಕೂಪೆಗೆ 16,000 ಡಾಲರ್‌ಗೆ ಸ್ವಲ್ಪ ಕಡಿಮೆ. ದುಬಾರಿ ಕಾರುಗಳಲ್ಲಿ ಹೆಚ್ಚುವರಿ ದುಡ್ಡು ಕೇಳುವ ಪವರ್ ವಿಂಡೋ, ಎಸಿ, ಒಳ್ಳೆಯ ಸ್ಟೀರಿಯೋ ಎಲ್ಲ ಇದರಲ್ಲಿ ಮೊದಲೇ ಸೇರಿತ್ತು. ಕಾರು ಒಂದೇ ರೂಪದಲ್ಲಿ ಬರುತ್ತೆ, ಮೇಲೆ ಬೇಕಾದ ಅಲಂಕಾರ ನೀವೇ ಆರಿಸಿಕೊಳ್ಳಿ. ಜೊತೆಗೆ ಎಂಜಿನ್ ಟೊಯೋಟಾದ್ದು, ಅಂದರೆ ಕೆಡಲ್ಲ.

ಮೊದಲ ಸಲ ಕಾರು ಕೊಳ್ಳುವ, ಪಕ್ಕದಲ್ಲಿ ನಿಂತು ಚೌಕಾಸಿ ಮಾಡೋಕೆ ಅಪ್ಪನಿಲ್ಲದ ಇಪ್ಪತ್ತೈದರ ಹುಡುಗಿಗೆ ಇದು ದೊಡ್ಡ ವಿಷಯ. ಹಿಪ್‌ಹಾಪ್ ಸಿಡಿ ಬೋನಸ್ಸು. ಕಂಪನಿ ಇಲ್ಲಿ ನಿಜವಾಗಿ ಏನನ್ನೋ ಬಿಟ್ಟುಕೊಟ್ಟಿತ್ತು: ಅನುಭವವಿಲ್ಲದ ಗಿರಾಕಿಯಿಂದ ನಾಲ್ಕು ಕಾಸು ಹೆಚ್ಚು ಕೀಳುವ ಅವಕಾಶವನ್ನು.

ಫಲ ಸಿಕ್ಕಿತು. 2004ರಲ್ಲಿ ಸುಮಾರು 99 ಸಾವಿರ ಕಾರು ಮಾರಾಟವಾದವು. 2006ರಲ್ಲಿ 1,73,034. ಕೊಂಡವರಲ್ಲಿ ಬಹುಪಾಲು ಜನ ಮೊದಲು ಟೊಯೋಟಾ ಕೊಂಡವರೇ ಅಲ್ಲ. ಟಿಸಿ ಕೊಳ್ಳುವವರ ಸರಾಸರಿ ವಯಸ್ಸು 29, ಇಡೀ ಉದ್ಯಮದಲ್ಲೇ ಕಡಿಮೆ ಅಂತ ಕಂಪನಿ ಹೆಮ್ಮೆಯಿಂದ ಹೇಳಿಕೊಂಡಿತು. ಇನ್ನಷ್ಟು ಮಾರಿದರೆ ಗತ್ತು ಹೋಗುತ್ತೆ ಅಂತ 2007ಕ್ಕೆ ಮಾರಾಟವನ್ನು ಒಂದೂವರೆ ಲಕ್ಷಕ್ಕೆ ತಾವೇ ಮಿತಿಗೊಳಿಸುವ ಯೋಜನೆಯನ್ನೂ ಹಾಕಿದರು. ಆ ಮಿತಿ ಮುಟ್ಟುವ ಕಷ್ಟ ಅವರಿಗೆ ಬರಲೇ ಇಲ್ಲ. 2007ರಲ್ಲಿ ಮಾರಾಟವಾದದ್ದು 1.30 ಲಕ್ಷ.

ಡಬ್ಬಿ ದಪ್ಪಗಾಯಿತು

ಆಗ ಆದದ್ದೇನು? ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದು ತೂಕದ ಮೇಲೆ.

ಮೊದಲ ಎಕ್ಸ್‌ಬಿಗೆ 1.5 ಲೀಟರ್ ಎಂಜಿನ್, 108 ಅಶ್ವಶಕ್ತಿ. 2007ರಲ್ಲಿ ಬಂದ ಎರಡನೇ ತಲೆಮಾರಿನ ಎಕ್ಸ್‌ಬಿಗೆ 2.4 ಲೀಟರ್, 158 ಅಶ್ವಶಕ್ತಿ. ಉದ್ದ ಸುಮಾರು ಒಂದು ಅಡಿ ಹೆಚ್ಚಾಯಿತು, ತೂಕ 270 ಕಿಲೋದಷ್ಟು ಏರಿತು, ಮೈಲೇಜ್ ಇಳಿಯಿತು, ಬೆಲೆ ಹತ್ತಿತು. ಚೂಪು ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದರು. ಹೆದ್ದಾರಿಯಲ್ಲಿ ಶಕ್ತಿ ಸಾಲದು, ಜಾಗ ಬೇಕು ಅಂತ ಗಿರಾಕಿಗಳು ಕೇಳಿದ್ದಕ್ಕೇ ಹೀಗೆ ಮಾಡಿದ್ದು ಅನ್ನೋದು ಕಂಪನಿಯ ಸಮಜಾಯಿಷಿ.

ಕೇಳಿದ ಗಿರಾಕಿಗಳು ಯಾರು ಅನ್ನೋದೇ ಪ್ರಶ್ನೆ. ಎತ್ತರದ ಸೀಟು, ಅಗಲವಾಗಿ ತೆರೆಯುವ ಬಾಗಿಲು, ಬಗ್ಗದೇ ಹತ್ತಬಹುದಾದ ಕಾರು. ಇದು ಮಂಡಿನೋವಿನವರಿಗೆ ಹೇಳಿ ಮಾಡಿಸಿದ ಹಾಗಿತ್ತು. ನಡುವಯಸ್ಸು ದಾಟಿದವರು, ನಿವೃತ್ತರು ಖುಷಿಯಿಂದ ಕೊಂಡರು. ಹೋಂಡಾದ್ದೂ ಇದೇ ಅನುಭವ. ಕಡಲತೀರಕ್ಕೆ ಹೋಗುವ ಕಾಲೇಜು ಹುಡುಗರಿಗೆ ಅಂತ ಅದು ತಂದ ‘ಎಲಿಮೆಂಟ್’ ಎಂಬ ಇನ್ನೊಂದು ಡಬ್ಬಿಯನ್ನು ಕೊಂಡವರಲ್ಲಿ ನಲವತ್ತು ದಾಟಿದವರೇ ಬಹಳ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊಸ ಕಾರು ಕೊಳ್ಳುವ ದುಡ್ಡು ಇರೋದು ಆ ವಯಸ್ಸಿನವರ ಹತ್ತಿರವೇ. ಯೌವನದ ಆಸೆ ಎಲ್ಲ ವಯಸ್ಸಿನವರಿಗೂ ಇರುತ್ತೆ. ಯೌವನದಲ್ಲೇ ಇರುವವರಿಗೆ ಇಲ್ಲದ್ದು ಡೌನ್ ಪೇಮೆಂಟು.

ದೊಡ್ಡದಾದ ಎಕ್ಸ್‌ಬಿ ಬಂದ ಮರುವರ್ಷವೇ, 2008ರ ಬೇಸಿಗೆಯಲ್ಲಿ, ಅಮೆರಿಕದಲ್ಲಿ ಪೆಟ್ರೋಲ್ ಗ್ಯಾಲನ್ನಿಗೆ 4 ಡಾಲರ್ ದಾಟಿತು. ಸಣ್ಣ ಕಾರಿಗೆ ಜನ ಹುಡುಕಾಡುವ ಹೊತ್ತಿಗೆ ಸಯಾನ್ ತನ್ನ ಸಣ್ಣ ಡಬ್ಬಿಯನ್ನು ದಪ್ಪಗೆ ಮಾಡಿ ಕೂತಿತ್ತು. ಆ ಶರತ್ಕಾಲದಲ್ಲಿ ಬ್ಯಾಂಕುಗಳು ಕುಸಿದವು.

ಯುವಕರ ಜೇಬು

ಆರ್ಥಿಕ ಕುಸಿತ ಎಲ್ಲ ಕಾರು ಕಂಪನಿಗಳನ್ನೂ ಹೊಡೆಯಿತು. ವರ್ಷಕ್ಕೆ 1.6-1.7 ಕೋಟಿ ಇದ್ದ ಅಮೆರಿಕದ ವಾಹನ ಮಾರಾಟ 2009ರಲ್ಲಿ 1.04 ಕೋಟಿಗೆ ಬಿತ್ತು. ಆದರೆ ಸಯಾನ್ ಬಿದ್ದ ರೀತಿ ಬೇರೆ. 2009ರಲ್ಲಿ ಸುಮಾರು 58 ಸಾವಿರ, 2010ರಲ್ಲಿ 45,678. ನಾಲ್ಕು ವರ್ಷದಲ್ಲಿ ನಾಲ್ಕನೇ ಮೂರು ಪಾಲು ಕರಗಿತು.

ಕಾರಣ ಸರಳ. ಕೆಲಸ ಹೋಗುವಾಗ ಮೊದಲು ಹೋಗೋದು ಕೊನೆಗೆ ಸೇರಿದವರದ್ದು. 2010ರಲ್ಲಿ ಅಮೆರಿಕದ 20-24 ವಯಸ್ಸಿನವರಲ್ಲಿ ನಿರುದ್ಯೋಗ ಶೇ. 15 ದಾಟಿತ್ತು. ಅಲ್ಲಿನ ಶಿಕ್ಷಣ ಸಾಲದ ಒಟ್ಟು ಮೊತ್ತ 2012ರ ಹೊತ್ತಿಗೆ ಒಂದು ಲಕ್ಷ ಕೋಟಿ ಡಾಲರ್ ಮೀರಿತು. ಸಂಬಳವಿಲ್ಲ, ತಲೆ ಮೇಲೆ ಸಾಲ, ಬ್ಯಾಂಕಿನಲ್ಲಿ ಸಾಲ ತೀರಿಸಿದ ಚರಿತ್ರೆ ಇಲ್ಲ. ಇಂಥವರಿಗೆ ಕಾರು ಸಾಲ ಕೊಡೋರು ಯಾರು? ಆ ವರ್ಷಗಳಲ್ಲಿ ಅಲ್ಲಿನ ಪತ್ರಿಕೆಗಳಲ್ಲಿ ‘ಹೊಸ ತಲೆಮಾರಿಗೆ ಕಾರಿನ ಮೋಹವೇ ಇಲ್ಲ, ಅವರಿಗೆ ಸ್ಮಾರ್ಟ್‌ಫೋನ್ ಸಾಕು’ ಅನ್ನೋ ವಿಶ್ಲೇಷಣೆಗಳು ಧಾರಾಳವಾಗಿ ಬಂದವು. ಜೇಬು ಖಾಲಿಯಾದದ್ದನ್ನು ಅಭಿರುಚಿ ಬದಲಾದದ್ದು ಅಂತ ಓದುವ ಈ ಚಟ ನಮ್ಮಲ್ಲೂ ಇದೆ.

ನನ್ನ ಎಂಜಿನಿಯರಿಂಗ್ ಗೆಳೆಯನೊಬ್ಬ 2011ರಲ್ಲಿ ಎಂಎಸ್ ಮಾಡಲು ಸ್ಯಾನ್ ಹೋಸೆಗೆ ಹೋದ. ಕೆಲಸ ಸಿಕ್ಕ ಮೇಲೆ ಹೊಸ ಸಯಾನ್ ನೋಡೋಕೆ ಹೋದರೆ ಅವನಿಗೆ ಕ್ರೆಡಿಟ್ ಸ್ಕೋರೇ ಇಲ್ಲ, ಬಡ್ಡಿ ಕೇಳಿ ವಾಪಸ್ ಬಂದ. ಕೊನೆಗೆ ಏಳು ವರ್ಷ ಹಳೆಯ, ಬೂದು ಬಣ್ಣದ ಮೊದಲ ಎಕ್ಸ್‌ಬಿಯನ್ನು ಯಾರೋ ಅಜ್ಜನಿಂದ ನಗದು ಕೊಟ್ಟು ಕೊಂಡ. ಅದರ ಫೋಟೋ ವಾಟ್ಸಾಪಿಗೆ ಹಾಕಿದಾಗ ನಾವೆಲ್ಲ ‘ಏನ್ ಮಗಾ, ಗೋದ್ರೇಜ್ ಬೀರುಗೆ ಚಕ್ರ ಹಾಕ್ಸಿದ್ದೀಯಾ’ ಅಂತ ಕಾಲೆಳೆದಿದ್ದೆವು. ಯುವಕರಿಗಾಗಿ ಮಾಡಿದ ಕಾರು ಮೊದಲು ಅಜ್ಜನ ಕೈಗೆ ಹೋಗಿ, ಅಲ್ಲಿಂದ ಯುವಕನ ಕೈಗೆ ಬಂದಿತ್ತು.

ಮಾರುಕಟ್ಟೆ ಎದ್ದರೂ ಇದು ಏಳಲಿಲ್ಲ

2015ರಲ್ಲಿ ಅಮೆರಿಕದ ವಾಹನ ಮಾರಾಟ 1.7 ಕೋಟಿ ದಾಟಿ ದಾಖಲೆ ಬರೆಯಿತು. ಸಯಾನ್ ಮಾರಿದ್ದು 56,167. ಹಾಗಾದರೆ ಆರ್ಥಿಕ ಕುಸಿತ ಒಂದೇ ಕಾರಣ ಅಂತ ಹೇಳೋಕಾಗಲ್ಲ.

ಡಬ್ಬಿ ಆಕಾರದ ಮೋಹ ಹೋಯಿತು ಅನ್ನೋಣವೇ? 2009ರಲ್ಲಿ ಅಮೆರಿಕಕ್ಕೆ ಬಂದ ಕಿಯಾ ‘ಸೋಲ್’ ಕೂಡ ಡಬ್ಬಿಯೇ. 2011ರಿಂದ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದೇ ಕಾಲಕ್ಕೆ ಬಂದ ನಿಸಾನ್ ‘ಕ್ಯೂಬ್’ ಸೋತಿತು ಅನ್ನೋದೂ ನಿಜ. ಆದರೆ ಕಡಿಮೆ ಬೆಲೆ, ಉದ್ದನೆಯ ವಾರಂಟಿ, ಹೊಸ ಹೊಸ ರೂಪ ಕೊಟ್ಟವರಿಗೆ ಗಿರಾಕಿ ಇದ್ದರು. ಸಯಾನ್ ಬಿಟ್ಟ ಜಾಗದಲ್ಲೇ ಕಿಯಾ ಬಂದು ಕೂತಿತು.

ಸಯಾನ್ ಕಡೆ ಮನೆಯವರ ಗಮನವೇ ಕಡಿಮೆಯಾಗಿತ್ತು. ಎಕ್ಸ್‌ಬಿಯ ಎರಡನೇ ರೂಪವನ್ನೇ ಎಂಟು ವರ್ಷ ಎಳೆದರು. ಮೂರು ಮೀಟರಿನ ಐಕ್ಯೂ ತಂದರು. ಅಮೆರಿಕದ ಅಗಲ ರಸ್ತೆಗಳಲ್ಲಿ ಅದನ್ನು ಕೇಳಿದವರಿಲ್ಲ. 2012ರಲ್ಲಿ ಸುಬಾರು ಜೊತೆ ಮಾಡಿದ ಎಫ್‌ಆರ್-ಎಸ್ ಸ್ಪೋರ್ಟ್ಸ್ ಕಾರಿಗೆ ಒಳ್ಳೆಯ ಹೆಸರು ಬಂತು, ಆದರೆ ಬೆಲೆ 25,000 ಡಾಲರ್ ಹತ್ತಿರ. ಕೊನೆಗೆ ಬಂದ ಐಎ ಅಂತೂ ಮಜ್ದಾ ಕಂಪನಿಯ ಕಾರಿಗೆ ಹೊಸ ಮೂತಿ ಕೂರಿಸಿದ್ದು. 2010ರಲ್ಲಿ, ತಾಯ್ನೆಲದಲ್ಲೇ ನೆಲಕಚ್ಚಿದ ವರ್ಷ, ಕೆನಡಾಕ್ಕೆ ಕಾಲಿಟ್ಟರು. ಇತ್ತ ಅದೇ ಶೋರೂಮಿನ ಆ ಮೂಲೆಯಲ್ಲಿ ಟೊಯೋಟಾದ್ದೇ ಯಾರಿಸ್, ಕೊರೊಲಾ ಅದೇ ಬೆಲೆಗೆ ನಿಂತಿದ್ದವು, ಅವುಗಳ ಮೇಲೆ ರಿಯಾಯಿತಿಯೂ ಸಿಗುತ್ತಿತ್ತು. ಚೌಕಾಸಿ ಇಲ್ಲದ ನಿಯಮ ಸಯಾನ್‌ಗೆ ಮಾತ್ರ. ಹಿಂದೆ ಬಲವಾಗಿದ್ದದ್ದೇ ಈಗ ಭಾರವಾಯಿತು.

2016ರ ಫೆಬ್ರವರಿ 3ರಂದು ಟೊಯೋಟಾ ಬಾಗಿಲು ಮುಚ್ಚುವ ಸುದ್ದಿ ಕೊಟ್ಟಿತು. ಎಫ್‌ಆರ್-ಎಸ್ ‘ಟೊಯೋಟಾ 86’ ಆಯಿತು, ಐಎ ‘ಯಾರಿಸ್ ಐಎ’ ಆಯಿತು, ಐಎಂ ‘ಕೊರೊಲಾ ಐಎಂ’ ಆಯಿತು. ಹತ್ತು ಲಕ್ಷಕ್ಕೂ ಹೆಚ್ಚು ಕಾರು ಮಾರಿದೆವು, ಕೊಂಡವರಲ್ಲಿ ಶೇ. 70ರಷ್ಟು ಜನ ಟೊಯೋಟಾಗೆ ಹೊಸಬರು, ಅರ್ಧದಷ್ಟು ಜನ 35ರೊಳಗಿನವರು ಅಂತ ಕಂಪನಿ ಲೆಕ್ಕ ಒಪ್ಪಿಸಿತು. ಸಯಾನ್ ಸೋತಿಲ್ಲ, ಕಲಿಕೆಯ ಪ್ರಯೋಗಶಾಲೆಯಾಗಿತ್ತು ಅನ್ನೋ ಧಾಟಿಯ ಮಾತು. ಆ ಅಂಕಿಗಳನ್ನು ನಾನು ತಳ್ಳಿಹಾಕಲ್ಲ. ಅರ್ಧದಷ್ಟು ಯುವ ಗಿರಾಕಿಗಳು ಅನ್ನೋದು ಸಣ್ಣ ಸಾಧನೆಯೂ ಅಲ್ಲ. ಆದರೆ ವಯಸ್ಸನ್ನೇ ಗುರುತು ಮಾಡಿಕೊಂಡ ಬ್ರ್ಯಾಂಡಿಗೆ ಒಂದು ವಿಚಿತ್ರ ಕಷ್ಟ ಇದೆ. ಗಿರಾಕಿ ಪ್ರತಿ ವರ್ಷ ಒಂದು ವರ್ಷ ದೊಡ್ಡವನಾಗ್ತಾನೆ. ಅವನ ಜಾಗಕ್ಕೆ ಹೊಸಬ ಬರಬೇಕು, ಆ ಹೊಸಬನ ಕೈಯಲ್ಲೂ ದುಡ್ಡಿರಬೇಕು. 2008ರ ನಂತರ ಬಂದ ಹೊಸಬರ ಕೈಯಲ್ಲಿ ಅದಿರಲಿಲ್ಲ.

ನಮಗೇನು?

ನಮ್ಮಲ್ಲೂ ಒಂದು ಉದಾಹರಣೆ ಇದೆ, ತಿರುಗುಮುರುಗಾಗಿ. 2008ರ ಜನವರಿಯಲ್ಲಿ ಟಾಟಾ ನ್ಯಾನೋ ಬಂದಾಗ ಬೆಲೆಯೇ ಅದರ ಗುರುತು. ಸಾಣಂದ್ ಕಾರ್ಖಾನೆಗೆ ವರ್ಷಕ್ಕೆ ಎರಡೂವರೆ ಲಕ್ಷ ಕಾರು ಮಾಡುವ ಸಾಮರ್ಥ್ಯವಿತ್ತು, ಅತಿ ಒಳ್ಳೆಯ ವರ್ಷದಲ್ಲೂ ಮಾರಾಟ ಮುಕ್ಕಾಲು ಲಕ್ಷ ಮುಟ್ಟಲಿಲ್ಲ. ‘ಅಗ್ಗದ ಕಾರು’ ಅಂತ ಮಾರಿದ್ದೇ ತಪ್ಪು ಅಂತ ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡರು. 2015ರಲ್ಲಿ ಬಣ್ಣ ಬದಲಿಸಿ ‘ಜೆನ್‌ಎಕ್ಸ್’ ಅಂತ ಹೆಸರಿಟ್ಟು ಯುವಕರತ್ತ ತಿರುಗಿಸಿದರು. ಅಷ್ಟು ಹೊತ್ತಿಗೆ ತಡವಾಗಿತ್ತು.

ಇವತ್ತು ಭಾರತದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿಗಳು. ಜಾಹೀರಾತು ನೋಡಿದರೆ ಅವೆಲ್ಲ ಇಪ್ಪತ್ತೈದರ ಹುಡುಗರಿಗೇ ಮಾಡಿದ್ದು: ಬೆಟ್ಟ, ಗಿಟಾರು, ಸನ್‌ರೂಫಿನಿಂದ ಹೊರಬಂದ ಕೈಗಳು. ಇನ್ನೊಂದು ಕಡೆ ಸಣ್ಣ ಕಾರು ಜನರ ಕೈಗೆ ಎಟುಕುತ್ತಿಲ್ಲ ಅಂತ ಮಾರುತಿ ಸುಜುಕಿಯ ಅಧ್ಯಕ್ಷ ಆರ್.ಸಿ. ಭಾರ್ಗವ ಹಲವು ಸಲ ಬಹಿರಂಗವಾಗಿ ಹೇಳಿದ್ದಾರೆ. ನಾನು ಎಂಜಿನಿಯರಿಂಗ್ ಮುಗಿಸಿದಾಗ ಕ್ಯಾಂಪಸ್ ಆಫರ್ ವರ್ಷಕ್ಕೆ ಮೂರೂಕಾಲು ಲಕ್ಷ ಇತ್ತು. ದೊಡ್ಡ ಐಟಿ ಕಂಪನಿಗಳಿಗೆ ಸೇರುವ ಹೊಸಬರಿಗೆ ಈಗಲೂ ಸಿಗೋದು ಸುಮಾರು ಅಷ್ಟೇ. ಈ ನಡುವೆ ಬೆಂಗಳೂರಿನ ಬಾಡಿಗೆ ಎಷ್ಟಾಗಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕಂಪನಿಯಾಗಲಿ, ಪಕ್ಷವಾಗಲಿ, ‘ಯುವಕರೇ’ ಅಂತ ಕರೆದಾಗ ಕೇಳಬೇಕಾದ ಪ್ರಶ್ನೆಯನ್ನು ಸಯಾನ್‌ನ ಮೊದಲ ಮೂರು ವರ್ಷ ಕಲಿಸಿಕೊಡುತ್ತೆ. ನೀವು ನನಗಾಗಿ ಬಿಟ್ಟುಕೊಡ್ತಿರೋದು ಏನು? ಒಂದೇ ಬೆಲೆಯ ನಿಯಮದಂಥ ಗಟ್ಟಿ ವಸ್ತು ಇದೆಯೋ, ಬರೀ ಗೋಡೆ ಚಿತ್ರ, ರೀಲ್ಸು, ಯುವ ಘಟಕದ ಶಾಲು ಮಾತ್ರವೋ? ಸಯಾನ್ ಮೊದಲನೆಯದನ್ನು ಕೊಟ್ಟಾಗ ಜನ ಬಂದರು. ಎರಡನೆಯದರ ಮೇಲೆ ನಿಂತಾಗ ಹೋದರು.

ಗೆಳೆಯ ಆ ಬೂದು ಡಬ್ಬಿಯನ್ನು ಆರು ವರ್ಷ ಓಡಿಸಿದ. ಮಗು ಹುಟ್ಟಿದ ಮೇಲೆ ಮಾರಿದ. ಕೊಂಡವನು ಆಗಷ್ಟೇ ಮೈಸೂರಿನಿಂದ ಓದಲು ಬಂದಿದ್ದ ಹುಡುಗ. ಅವನಿಗೆ ಕ್ರೆಡಿಟ್ ಸ್ಕೋರ್ ಇನ್ನೂ ಆಗಿರಲಿಲ್ಲ. ಆ ಹೊತ್ತಿಗೆ ಸಯಾನ್ ಕಂಪನಿಯ ಬೋರ್ಡು ಇಳಿದು ಎರಡು ವರ್ಷವಾಗಿತ್ತು. ಗಾಡಿ ಇನ್ನೂ ಚೆನ್ನಾಗಿಯೇ ಓಡ್ತಿತ್ತು.